ಕುದುರೆಯ ಬಾಲವೂ ಲೆಕ್ಕದ ಪುಸ್ತಕವೂ

ಕೈಯಲ್ಲಿದ್ದ ಹಣವನ್ನೆಲ್ಲ ಕಳೆದುಕೊಂಡವನನ್ನು ಕುರಿತು ‘ಎಲ್ಲವನ್ನೂ ಕುದುರೆಯ ಬಾಲಕ್ಕೆ ಕಟ್ಟಿದ’ ಎಂದು ನಮ್ಮ ಹಿರಿಯರು ಹೇಳುವುದುಂಟು. ಈ ಮಾತಿನಲ್ಲಿ ನಿಂದೆಯೂ ಇದೆ, ಸ್ವಲ್ಪ ಮರುಕವೂ ಇದೆ. ಆದರೆ ಕುದುರೆಯ ಬಾಲಕ್ಕೆ ಕಟ್ಟಿಯೂ ಮುಳುಗದೆ ಉಳಿದವರು ಇದ್ದಾರೆಯೆ, ಇದ್ದರೆ ಅವರ ನಡೆ ಎಂಥದು, ಮನಸ್ಸು ಎಂಥದು ಎಂದು ವಿಚಾರಿಸಿದವರು ಕಡಿಮೆ. ಸಂಸಾರಿಗಳು ಓದುವ ಪತ್ರಿಕೆಯಲ್ಲಿ ಜೂಜಿನ ಮಾತೇಕೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಅದಕ್ಕೆ ನಮ್ಮ ಉತ್ತರ ಇಷ್ಟೆ: ರೇಸಿಗೆ ಹೋಗುವವರು ಸಂಸಾರಿಗಳೇ, ಅಲ್ಲಿ ಹೋಗುವ ಹಣವೂ ಸಂಸಾರದ್ದೇ. ಆದ್ದರಿಂದ ಅಲ್ಲಿಯ ಲೆಕ್ಕವೂ ಸಂಸಾರಕ್ಕೆ ತಿಳಿದಿರುವುದು ಒಳ್ಳೆಯದು.

ಹೈದರಾಬಾದಿನಲ್ಲಿ ನೆಲೆಸಿದ ನಮ್ಮವರಿಗೆ ಮಲಕ್‌ಪೇಟೆ ದೂರದ ಸ್ಥಳವೇನಲ್ಲ. ಕನ್ನಡಿಗರ ಹಳೆಯ ಬಿಡಾರವಾದ ಕಾಚಿಗುಡದಿಂದ ರೈಲಿನಲ್ಲಿ ಒಂದೇ ನಿಲ್ದಾಣ. ಈಗ ಮೆಟ್ರೋ ರೈಲೂ ಬಂದಿದೆ. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರು 1886ರಲ್ಲಿ ಮೌಲಾಲಿಯಿಂದ ಇಲ್ಲಿಗೆ ಕುದುರೆಯೋಟವನ್ನು ತಂದರು. ಹೈದರಾಬಾದ್ ರೇಸ್ ಕ್ಲಬ್ಬು 1961ರಲ್ಲಿ ಸ್ಥಾಪನೆಯಾಯಿತು. ಮಳೆಗಾಲದ ಋತುವಿನಲ್ಲಿ ಡೆಕ್ಕನ್ ಡರ್ಬಿ, ಚಳಿಗಾಲದಲ್ಲಿ ಗೋಲ್ಕೊಂಡಾ ಡರ್ಬಿ ಇಲ್ಲಿಯ ದೊಡ್ಡ ಹಬ್ಬಗಳು. ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮರ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಓದಿಗೂ ಉದ್ಯೋಗಕ್ಕೂ ಬಂದು ಇಲ್ಲಿಯೇ ನಿಂತವರ ಮನೆಗಳಲ್ಲಿ ಒಬ್ಬ ತಾತನೋ ಒಬ್ಬ ಸೋದರಮಾವನೋ ರೇಸಿನ ಕತೆಗೆ ಸಿಕ್ಕೇ ಸಿಗುತ್ತಾನೆ. ಮೈಸೂರು, ಬೆಂಗಳೂರಿನ ಕಡೆಯಿಂದ ವರ್ಗವಾಗಿ ಬಂದವರಿಗೂ ಇದು ಹೊಸದಲ್ಲ. ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯನ್ನು ಕಾಣದವರು ಯಾರು? ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲನ್ನು ಕೇಳದವರು ಯಾರು?

ರೇಸಿನ ದಿನ ಮಲಕ್‌ಪೇಟೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರೆ ಮನುಷ್ಯನ ನಂಬಿಕೆಗಳ ಒಂದು ಸಂತೆಯೇ ಕಾಣುತ್ತದೆ. ಒಬ್ಬರಿಗೆ ಬೆಳಗಿನ ಜಾವದ ಕನಸಿನಲ್ಲಿ ಏಳರ ಅಂಕಿ ಕಾಣಿಸಿದೆ. ಇನ್ನೊಬ್ಬರಿಗೆ ಕುದುರೆಯ ಹೆಸರು ಮನೆದೇವರ ಹೆಸರಿಗೆ ಹತ್ತಿರವೆಂದು ತೋರಿದೆ. ಮೂರನೆಯವರಿಗೆ ಲಾಯದ ಹುಡುಗನ ಷಡ್ಡಕ ಕಿವಿಯಲ್ಲಿ ಗುಟ್ಟು ಹೇಳಿದ್ದಾನೆ. ಈ ಗುಟ್ಟಿಗೆ ‘ಟಿಪ್’ ಎಂದು ಹೆಸರು. ಗುಟ್ಟು ನಮ್ಮಂಥವರ ಕಿವಿಯವರೆಗೆ ಬಂದಿದೆಯೆಂದ ಮೇಲೆ ಅದು ಎಷ್ಟು ಜನರ ಕಿವಿಯನ್ನು ಹಾದು ಬಂದಿರಬೇಕೆಂದು ಕೇಳುವವರು ಮಾತ್ರ ಕಾಣುವುದಿಲ್ಲ.

ಇಷ್ಟಾದರೂ ರೇಸನ್ನು ಬರಿಯ ಅದೃಷ್ಟದ ಆಟವೆಂದು ತಳ್ಳಿಹಾಕುವಂತಿಲ್ಲ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯಾಟದಲ್ಲಿ ಜಾಣ್ಮೆಯ ಪಾಲೇ ಹೆಚ್ಚು ಎಂದಿತು. 1996ರಲ್ಲಿ ಮದರಾಸಿನ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಕುದುರೆಯೋಟವೂ ಜಾಣ್ಮೆಯ ಆಟವೇ ಎಂದು ಅದೇ ನ್ಯಾಯಾಲಯ ತೀರ್ಪು ಕೊಟ್ಟಿತು. ಕುದುರೆಯ ತಳಿ, ತರಬೇತಿ, ಜಾಕಿಯ ಚಾತುರ್ಯ, ಹಿಂದಿನ ಓಟಗಳ ದಾಖಲೆ ಇವನ್ನೆಲ್ಲ ತೂಗಿ ನೋಡಿ ಹಣ ಕಟ್ಟಬಹುದಾದ್ದರಿಂದ ಇದು ಕವಡೆ ಎಸೆದಂತಲ್ಲ ಎಂಬುದು ಅದರ ತಾತ್ಪರ್ಯ. ನಮ್ಮ ಮಿತ್ರರು ಕೆಲವರು ಈ ತೀರ್ಪನ್ನು ಬಹಳ ಹೆಮ್ಮೆಯಿಂದ ಉದಾಹರಿಸುತ್ತಾರೆ. ಆಟದಲ್ಲಿ ಜಾಣ್ಮೆಗೆ ಸ್ಥಾನವುಂಟೆಂದು ನ್ಯಾಯಾಲಯ ಹೇಳಿತೇ ಹೊರತು, ಆಡುವವರೆಲ್ಲ ಜಾಣರೆಂದು ಹೇಳಲಿಲ್ಲವಷ್ಟೆ!

ಆ ಜಾಣ್ಮೆ ಯಾವುದು? ಹೆಚ್ಚಿನವರು ಅದನ್ನು ಕುದುರೆಯ ಜ್ಞಾನವೆಂದು ತಿಳಿಯುತ್ತಾರೆ. ಇಲ್ಲಿ ನಳಮಹಾರಾಜನ ಕತೆಯನ್ನು ಸ್ವಲ್ಪ ನೆನೆಯಬೇಕು. ಕುದುರೆಗಳ ವಿಷಯದಲ್ಲಿ ನಳನನ್ನು ಮೀರಿದವರಿರಲಿಲ್ಲ. ಅಶ್ವಹೃದಯವೆಂಬ ವಿದ್ಯೆ ಅವನ ಸೊತ್ತು. ಆದರೂ ಪುಷ್ಕರನೊಡನೆ ಪಗಡೆಯಾಡಿ ರಾಜ್ಯವನ್ನು ಕಳೆದುಕೊಂಡ, ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟ, ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾದ. ಒಂದು ದಿನ ರಥ ಓಡುತ್ತಿರುವಾಗ ಋತುಪರ್ಣನು ದಾರಿಯ ಬದಿಯ ತಾರೆಮರವನ್ನು ನೋಡಿ ಅದರ ಎಲೆಗಳ, ಕಾಯಿಗಳ ಲೆಕ್ಕವನ್ನು ಹೇಳಿಬಿಟ್ಟ. ನಳ ಅದನ್ನು ಸುಮ್ಮನೆ ನಂಬಲಿಲ್ಲ. ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡಿದ, ಲೆಕ್ಕ ಸರಿಯಾಗಿತ್ತು. ಇಬ್ಬರೂ ವಿದ್ಯೆಗಳನ್ನು ಬದಲಾಯಿಸಿಕೊಳ್ಳಲು ಅಲ್ಲಿಯೇ ಒಪ್ಪಿದರು. ಋತುಪರ್ಣನಿಗೆ ಅಶ್ವಹೃದಯ, ನಳನಿಗೆ ಅಕ್ಷಹೃದಯ. ಆಗ ನಳನ ಮೈಯಲ್ಲಿದ್ದ ಕಲಿ ಹೊರಬಿದ್ದ. ವೇದಕಾಲದಲ್ಲಿ ತಾರೆಕಾಯಿಯನ್ನೇ ದಾಳವಾಗಿ ಬಳಸುತ್ತಿದ್ದರೆಂಬುದನ್ನು ನೆನೆದರೆ ಕತೆಯ ಸ್ವಾರಸ್ಯ ಇನ್ನೂ ಹೆಚ್ಚುತ್ತದೆ. ಕುದುರೆಯನ್ನು ಬಲ್ಲವನಿಗೆ ಎಣಿಕೆ ತಿಳಿಯದೆ ಹೋದದ್ದೇ ಅವನ ಕೇಡಿನ ಮೂಲ; ಎಣಿಸಲು ಕಲಿತ ಮೇಲೆ ಕಳೆದುಕೊಂಡದ್ದು ತಿರುಗಿ ಬಂತು.

ಹಾಗಾದರೆ ಮಲಕ್‌ಪೇಟೆಯ ಎಣಿಕೆ ಹೇಗೆ? ರೇಸಿನಲ್ಲಿ ಹಣ ಕಟ್ಟುವುದಕ್ಕೆ ಎರಡು ದಾರಿ. ಒಂದು ಬುಕ್ಕಿಯ ಬಳಿ, ಅವನು ಹೇಳಿದ ದರಕ್ಕೆ. ಇನ್ನೊಂದು ಕ್ಲಬ್ಬಿನ ಟೋಟಿನಲ್ಲಿ. ಪ್ಯಾರಿಸ್ಸಿನ ಜೋಸೆಫ್ ಒಲ್ಲೆ ಎಂಬಾತ 1860ರ ದಶಕದಲ್ಲಿ ಹುಟ್ಟಿಸಿದ ಈ ಪದ್ಧತಿಯಲ್ಲಿ ಎಲ್ಲರ ಹಣವೂ ಒಂದೇ ಹುಂಡಿಗೆ ಬೀಳುತ್ತದೆ. ಕ್ಲಬ್ಬಿನ ಪಾಲನ್ನು ಕಳೆದು ಉಳಿದದ್ದನ್ನು ಗೆದ್ದ ಕುದುರೆಯ ಮೇಲೆ ಕಟ್ಟಿದವರಿಗೆ ಹಂಚುತ್ತಾರೆ. ಅಂದರೆ ನಮ್ಮ ಎದುರಾಳಿ ಕುದುರೆಯೂ ಅಲ್ಲ, ಕ್ಲಬ್ಬೂ ಅಲ್ಲ. ಪಕ್ಕದಲ್ಲಿ ನಿಂತು ಅದೇ ಹುಂಡಿಗೆ ಹಣ ಹಾಕುವ ನಮ್ಮಂಥ ಜನ.

ಒಂದು ಉದಾಹರಣೆ ನೋಡೋಣ. ಹುಂಡಿಗೆ 1,000 ರೂಪಾಯಿ ಬಿದ್ದಿದೆ, ಅದರಲ್ಲಿ 400 ರೂಪಾಯಿ ಒಂದೇ ಕುದುರೆಯ ಮೇಲೆ ಇದೆ ಎನ್ನಿ. ಇದೇ ‘ಫೇವರಿಟ್’. ನೂರಕ್ಕೆ ನಲವತ್ತು ಸಲ ಇದು ಗೆದ್ದೀತೆಂದು ಜನರ ಅಂದಾಜು ಎಂದಾಯಿತು. ಕ್ಲಬ್ಬಿನ ಪಾಲು ನೂರಕ್ಕೆ ಹತ್ತು ಎಂದು ಹಿಡಿದರೆ ಹಂಚಲು ಉಳಿಯುವುದು 900. ಆ ಕುದುರೆ ಗೆದ್ದರೆ 10 ರೂಪಾಯಿ ಕಟ್ಟಿದವನಿಗೆ 22 ರೂಪಾಯಿ 50 ಪೈಸೆ ಬರುತ್ತದೆ. ನೂರು ಸಲ ಕಟ್ಟಿ ಹಾಕಿದ ಹಣ ಹಿಂದಕ್ಕೆ ಬರಬೇಕಾದರೆ ಕುದುರೆ ಸುಮಾರು 44 ಸಲ ಗೆಲ್ಲಬೇಕು. ಜನರ ಅಂದಾಜಿನಂತೆ 40 ಸಲ ಗೆದ್ದರೆ ನಷ್ಟವೇ. ಇದು ತೆರಿಗೆ ಸೇರಿಸುವುದಕ್ಕೆ ಮುಂಚಿನ ಮಾತು. ಪಣದ ಪೂರ್ಣ ಮೊತ್ತದ ಮೇಲೆ ನೂರಕ್ಕೆ 28ರಂತೆ ಇದ್ದ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ 40ಕ್ಕೆ ಏರಿಸಿದರು. ಕುದುರೆಯ ಮೇಲೆ 10 ರೂಪಾಯಿ ನಿಲ್ಲಬೇಕಾದರೆ ನಮ್ಮ ಜೇಬಿನಿಂದ 14 ರೂಪಾಯಿ ಹೊರಡಬೇಕು. ಈಗ ಅದೇ ಕುದುರೆ ನೂರಕ್ಕೆ ಸುಮಾರು 62 ಸಲ ಗೆದ್ದರೆ ಮಾತ್ರ ನಮ್ಮ ಅಸಲು ಕೈಸೇರುತ್ತದೆ!

ಗೆದ್ದ ಹಣಕ್ಕೆ ಆದಾಯ ತೆರಿಗೆ ಬೇರೆ. ಅದರ ಮೂಲ ದರ ನೂರಕ್ಕೆ 30. ಬೇರೆ ಓಟಗಳಲ್ಲಿ ಸೋತದ್ದನ್ನು ಅದರಲ್ಲಿ ಕಳೆದುಕೊಳ್ಳಲು ಅವಕಾಶವಿಲ್ಲ. ನಾವು ಗುಮಾಸ್ತರು, ಅಂಕಿಗಳ ನಡುವೆಯೇ ಹೊಟ್ಟೆ ಹೊರೆಯುವವರು. ಇಷ್ಟು ಕಡಿತಗಳನ್ನು ದಾಟಿ ಲಾಭ ತೋರಿಸುವ ಬೇರೊಂದು ಕಸುಬಿನ ಪ್ರಸ್ತಾಪ ಕಡತದಲ್ಲಿ ಬಂದಿದ್ದರೆ ‘ಪರಿಶೀಲಿಸಲು ಯೋಗ್ಯವಲ್ಲ’ ಎಂದು ಬರೆದು ಮೇಲಕ್ಕೆ ಕಳುಹಿಸುತ್ತಿದ್ದೆವು.

ಇದಕ್ಕೆ ಸೇರಿದಂತೆ ಇನ್ನೊಂದು ತೊಡಕೂ ಉಂಟು. ರೇಸಿನಲ್ಲಿ ಹ್ಯಾಂಡಿಕ್ಯಾಪ್ ಎಂಬ ಏರ್ಪಾಡಿದೆ. ಚೆನ್ನಾಗಿ ಓಡುವ ಕುದುರೆಯ ಬೆನ್ನಿಗೆ ಹೆಚ್ಚು ತೂಕ, ಹಿಂದೆ ಬೀಳುವುದಕ್ಕೆ ಕಡಿಮೆ ತೂಕ. ಎಲ್ಲ ಕುದುರೆಗಳೂ ಗೆರೆಯ ಬಳಿಗೆ ಒಟ್ಟಿಗೆ ಬರುವಂತೆ ಮಾಡುವುದೇ ಇದರ ಉದ್ದೇಶ. ಯಾವುದು ಗೆಲ್ಲುವುದೆಂದು ಹೇಳಲು ಬಾರದಂತೆ ಮಾಡುವುದಕ್ಕೆ ತಜ್ಞರೇ ಕುಳಿತು ಕೆಲಸ ಮಾಡುತ್ತಿರುವಾಗ, ಮಧ್ಯಾಹ್ನ ರಜೆ ಹಾಕಿ ಬಂದ ನಾವು ಐದು ನಿಮಿಷದಲ್ಲಿ ಅದನ್ನು ಹೇಳಿಬಿಡುತ್ತೇವೆಂಬುದು ಸ್ವಲ್ಪ ಧೈರ್ಯದ ಮಾತೇ ಸರಿ.

ಆದರೂ ಗೆದ್ದವರು ಇಲ್ಲದಿಲ್ಲ. ಅಮೆರಿಕದ ಬಿಲ್ ಬೆಂಟರ್ ಎಂಬಾತ 1980ರ ದಶಕದಲ್ಲಿ, ಆಸ್ಟ್ರೇಲಿಯದ ಅಲನ್ ವುಡ್ಸ್ ಎಂಬ ಜೊತೆಗಾರನೊಡನೆ ಹಾಂಗ್‌ಕಾಂಗಿಗೆ ಹೋಗಿ ಕಂಪ್ಯೂಟರಿನ ಸಹಾಯದಿಂದ ರೇಸಿನ ಲೆಕ್ಕ ಹಿಡಿದ. ಮೊದಲ ವರ್ಷಗಳಲ್ಲಿ ಬಲವಾಗಿ ಪೆಟ್ಟು ತಿಂದ. ಆಮೇಲೆ ಅಪಾರ ಹಣ ಗಳಿಸಿದ. 1994ರಲ್ಲಿ ತನ್ನ ವಿಧಾನವನ್ನು ಒಂದು ಲೇಖನದಲ್ಲಿ ವಿವರಿಸಿದ. ಅದರಲ್ಲಿ ನಮಗೆ ಬಹಳ ಹಿಡಿಸಿದ ಅಂಶವೆಂದರೆ, ಅವನು ತನ್ನ ಲೆಕ್ಕವೊಂದನ್ನೇ ನಂಬಲಿಲ್ಲ. ಹಲಗೆಯ ಮೇಲೆ ಕಾಣುವ ದರದಲ್ಲಿ ಸಾವಿರಾರು ಜನರ ತಿಳಿವಳಿಕೆ ಅಡಗಿದೆಯೆಂದು ಒಪ್ಪಿ, ಅದನ್ನೂ ತನ್ನ ಲೆಕ್ಕದೊಳಗೆ ಬೆರೆಸಿಕೊಂಡ. ತನಗೆ ತಿಳಿಯದ್ದು ಬೇರೆಯವರಿಗೆ ತಿಳಿದಿರಬಹುದೆಂಬ ವಿನಯ ಅವನ ವಿದ್ಯೆಯ ಒಂದು ಭಾಗವಾಗಿತ್ತು. ‘ಈ ಜನರಿಗೇನು ಗೊತ್ತು’ ಎಂದು ಹೇಳಿ ಹಣ ಕಟ್ಟುವ ನಮ್ಮ ವೀರರಿಗೂ ಅವನಿಗೂ ಇರುವ ಅಂತರ ಇಲ್ಲಿಯೇ ಪ್ರಾರಂಭವಾಗುತ್ತದೆ.

ಎಷ್ಟು ಕಟ್ಟಬೇಕೆಂಬುದಕ್ಕೂ ಒಂದು ಸೂತ್ರವಿದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಕೆಲ್ಲಿ ಎಂಬ ವಿಜ್ಞಾನಿ 1956ರಲ್ಲಿ ಅದನ್ನು ಬರೆದ. ಒಂದಕ್ಕೆ ಒಂದು ಲಾಭ ಬರುವ ಆಟದಲ್ಲಿ ನೂರಕ್ಕೆ 55 ಸಲ ಗೆಲ್ಲುವೆವೆಂದು ನಿಜವಾಗಿ ಗೊತ್ತಿದ್ದರೆ, ಕೈಯಲ್ಲಿರುವ ಹಣದ ಹತ್ತನೆಯ ಒಂದು ಪಾಲನ್ನು ಮಾತ್ರ ಕಟ್ಟಬೇಕು. ಅಷ್ಟು ಅನುಕೂಲವಿದ್ದಾಗಲೂ ಹತ್ತರಲ್ಲೊಂದು! ನಮಗೆ ಯಾವ ಅನುಕೂಲವೂ ಇಲ್ಲದಿದ್ದರೆ ಎಷ್ಟು ಕಟ್ಟಬೇಕು? ಅದಕ್ಕೂ ಸೂತ್ರ ಸ್ಪಷ್ಟವಾಗಿ ಉತ್ತರ ಕೊಡುತ್ತದೆ: ಸೊನ್ನೆ.

ಈ ಸೊನ್ನೆಯನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ. 1,200 ಮೀಟರಿನ ಓಟ ಒಂದೂಕಾಲು ನಿಮಿಷದೊಳಗೆ ಮುಗಿದುಹೋಗುತ್ತದೆ. ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಉಳಿಯುವ ಬಿಡುವೇ ಮನುಷ್ಯನನ್ನು ಕೆಡಿಸುವ ಹೊತ್ತು. ಮೊದಲು ಕಟ್ಟಿದ್ದು ಹೋಯಿತು. ಮುಂದಿನದರಲ್ಲಿ ಎರಡರಷ್ಟು ಕಟ್ಟಿದರೆ ಹೋದದ್ದೂ ಬಂದೀತೆಂಬ ಯೋಚನೆ ಬರುತ್ತದೆ. ನೂರು ರೂಪಾಯಿಂದ ಪ್ರಾರಂಭಿಸಿ ಸೋತಾಗಲೆಲ್ಲ ಇಮ್ಮಡಿ ಮಾಡುತ್ತ ಹೋದವನು ಎಂಟು ಸಲ ಸೋತರೆ 25,500 ರೂಪಾಯಿ ಕಳೆದಿರುತ್ತಾನೆ. ಒಂಬತ್ತನೆಯ ಸಲ 25,600 ಕಟ್ಟಬೇಕಾಗುತ್ತದೆ, ಅದೂ ನೂರು ರೂಪಾಯಿಯ ಲಾಭಕ್ಕಾಗಿ! ಎಂಟು ಸಲ ಯಾರು ಸೋಲುತ್ತಾರೆ ಎನ್ನಬೇಡಿ. ಐದಕ್ಕೊಮ್ಮೆ ಗೆಲ್ಲುವ ಕುದುರೆಗಳನ್ನೇ ಆರಿಸುವವನು ಕೂಡ ಹತ್ತು ಸಲ ಒಂದೇ ಸಮನೆ ಸೋಲುವ ಸಂಭವ ಒಂಬತ್ತರಲ್ಲಿ ಒಂದಕ್ಕಿಂತ ಅಷ್ಟೇನೂ ಕಡಿಮೆಯಿಲ್ಲ. ಇದು ಶನಿಕಾಟವಲ್ಲ, ಸಾಮಾನ್ಯವಾದ ಗಣಿತ.

ದಿನದ ಕೊನೆಯ ಓಟದ ಕತೆಯೇ ಬೇರೆ. ಗೆಲ್ಲುವ ಸಂಭವ ತೀರ ಕಡಿಮೆಯಾಗಿ ದರ ತೀರ ಹೆಚ್ಚಾಗಿರುವ ಕುದುರೆಗಳ ಮೇಲೆ ಜನ ದಿನದ ಕೊನೆಗೆ ಹೆಚ್ಚು ಕಟ್ಟುತ್ತಾರೆಂದು ಅಮೆರಿಕದ ರೇಸುಗಳ ದಾಖಲೆಯನ್ನು ನೋಡಿ ಮೆಕ್‌ಗ್ಲಾತ್ಲಿನ್ ಎಂಬಾತ 1956ರಲ್ಲಿ ಬರೆದ. ಮುಂದೆ 1979ರಲ್ಲಿ ಕಾಹ್ನೆಮನ್, ಟ್ವರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಇದರ ಕಾರಣವನ್ನು ತಿಳಿಸಿದರು. ಬೆಳಗ್ಗಿನಿಂದ ಸೋತವನ ಮನಸ್ಸು ಆ ಸೋಲನ್ನು ಒಪ್ಪಿಕೊಂಡಿರುವುದಿಲ್ಲ. ಹೇಗಾದರೂ ಸರಿಸಮ ಮಾಡಿಕೊಂಡು ಮನೆಗೆ ಹೋಗಬೇಕೆಂದು ಅದು ಹವಣಿಸುತ್ತದೆ. ಸಣ್ಣ ಲಾಭ ಅದಕ್ಕೆ ಸಾಲದು; ಒಂದೇ ಏಟಿಗೆ ಎಲ್ಲ ತೀರಬೇಕು. ಆದ್ದರಿಂದಲೇ ಕೊನೆಯ ಓಟದಲ್ಲಿ ಕುಂಟುವ ಕುದುರೆಗೂ ಭಕ್ತರು ಹುಟ್ಟುತ್ತಾರೆ. ಅಲ್ಲಿ ಹಣ ಕಟ್ಟುವುದು ಬುದ್ಧಿಯಲ್ಲ, ಬರಿಗೈಯಲ್ಲಿ ಮನೆಯ ಬಾಗಿಲು ತಟ್ಟಬೇಕಲ್ಲ ಎಂಬ ಅಂಜಿಕೆ.

ಈ ಅಂಜಿಕೆ ಎಲ್ಲಿಗೆ ಕರೆದೊಯ್ಯುತ್ತದೆಂಬುದನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ನಮಗೆ ಪರಿಚಿತವಾದ ಒಂದು ಕನ್ನಡ ಮನೆ. ಯಜಮಾನರು ಸರಕಾರಿ ನೌಕರರು. ನಡತೆಯಲ್ಲಿ ಬೇರೆ ಯಾವ ದೋಷವೂ ಇಲ್ಲದವರು, ಮಕ್ಕಳೆಂದರೆ ಪ್ರಾಣ. ಮಗಳ ಕಾಲೇಜಿನ ಶುಲ್ಕಕ್ಕೆಂದು ಭವಿಷ್ಯನಿಧಿಯಿಂದ ಮುಂಗಡ ತೆಗೆದರು, ಮನೆಯ ದುರಸ್ತಿಗೆಂದು ಸಹಕಾರ ಸಂಘದಿಂದ ಸಾಲ ತೆಗೆದರು. ಮನೆಯಲ್ಲಿ ಎರಡೂ ತಿಳಿಯದು. ಕಂತು ನಿಂತಾಗ ಸಂಘದವರು ಜಾಮೀನು ಹಾಕಿದ ಸಹೋದ್ಯೋಗಿಯ ಸಂಬಳದಲ್ಲಿ ಹಣ ಹಿಡಿದರು. ಆ ಸಹೋದ್ಯೋಗಿಯ ಹೆಂಡತಿ ಒಂದು ಸಂಜೆ ಕುಂಕುಮಕ್ಕೆ ಬಂದಂತೆ ಬಂದು, ‘ಅಕ್ಕಾ, ನಿಮ್ಮ ಮನಿ ದುರಸ್ತಿ ಎಲ್ಲಿವರೆಗೂ ಬಂತು?’ ಎಂದು ಕೇಳಿದಾಗ ಆಕೆಗೆ ವಿಷಯ ತಿಳಿಯಿತು. ಗೋಡೆಗೆ ಸುಣ್ಣ ಸಹ ಕಾಣದ ಮನೆ ಅದು. ಮಗಳು ಒಂದು ವರ್ಷ ಓದು ನಿಲ್ಲಿಸಿ ಕೆಲಸಕ್ಕೆ ಸೇರಿದಳು. ಪಾಪ, ಆ ಹುಡುಗಿ ತಂದೆಯನ್ನು ಒಂದು ಮಾತೂ ಆಡಲಿಲ್ಲವೆಂದು ಕೇಳಿದ್ದೇವೆ. ಅವರು ಎಷ್ಟು ಸೋತರೆಂದು ಹಿರಿಯರು ಕುಳಿತು ಕೇಳಿದಾಗ ಆತ ಹೇಳಲಾರದೆ ಹೋದರು. ಮುಚ್ಚಿಡುವ ಉದ್ದೇಶವಿರಲಿಲ್ಲ, ಅವರಿಗೇ ಗೊತ್ತಿರಲಿಲ್ಲ. ಗೆದ್ದ ದಿನಗಳೆಲ್ಲ ತಾರೀಖು ಸಮೇತ ನೆನಪಿದ್ದುವು, ಸೋತ ದಿನಗಳು ಮನಸ್ಸಿನಿಂದ ಜಾರಿಹೋಗಿದ್ದುವು. ಕೇಂದ್ರ ಸರಕಾರದ ನೌಕರರ 1964ರ ನಡತೆಯ ನಿಯಮಗಳಲ್ಲಿ, ನೌಕರನು ಸದಾ ಸಾಲದಲ್ಲಿ ಬೀಳದಂತೆ ತನ್ನ ಸ್ವಂತ ವ್ಯವಹಾರವನ್ನು ನಡೆಸಿಕೊಳ್ಳಬೇಕೆಂದು ಒಂದು ನಿಯಮವಿದೆ. ಅದನ್ನು ಬರೆದವರಿಗೆ ಇಂಥ ಮನೆಗಳು ಗೊತ್ತಿದ್ದಿರಬೇಕು.

ಇದಕ್ಕೆ ಎದುರಾಗಿ ಇನ್ನೊಬ್ಬರನ್ನು ಹೇಳಬೇಕು. ರಾಯಚೂರಿನ ಕಡೆಯವರು, ಲೆಕ್ಕಪತ್ರದ ಇಲಾಖೆಯಿಂದ ನಿವೃತ್ತರಾದವರು. ನಾವು ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಬಹಳ ವರ್ಷಗಳಿಂದ ರೇಸಿಗೆ ಹೋಗುತ್ತಿದ್ದಾರೆ. ಅವರ ಬಳಿ ಉದ್ದನೆಯ ಒಂದು ಪುಸ್ತಕವಿದೆ. ಪ್ರತಿ ಓಟಕ್ಕೂ ಒಂದು ಸಾಲು. ಹಲಗೆಯ ದರ ನೋಡುವುದಕ್ಕೆ ಮುಂಚೆಯೇ ತಾವು ಆರಿಸಿದ ಕುದುರೆ ನೂರಕ್ಕೆ ಎಷ್ಟು ಸಲ ಗೆದ್ದೀತೆಂದು ಬರೆಯುತ್ತಾರೆ. ಆಮೇಲೆ ದರ, ಕಟ್ಟಿದ ಹಣ, ಫಲ, ಕೊನೆಗೆ ಒಂದು ಷರಾ. ನಾವು ಒಮ್ಮೆ ಆ ಪುಸ್ತಕವನ್ನು ತಿರುವಿ ಹಾಕಿದಾಗ ಪುಟಪುಟದಲ್ಲೂ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಷರಾ ‘ಆಡಲಿಲ್ಲ’ ಎಂಬುದು. ಕೆಲವು ಕಡೆ ಕೆಂಪು ಶಾಯಿಯಲ್ಲಿ ‘ತಪ್ಪು ಆಟ, ಗೆದ್ದೆ’ ಎಂದು ಬರೆದಿತ್ತು. ಗೆದ್ದ ಮೇಲೆ ತಪ್ಪೇಕೆ ಎಂದು ಕೇಳಿದೆವು.

‘ತಮ್ಮಾ, ಕಾರಣ ಇಲ್ಲದ ಆಡಿದ್ದೆ. ಅದು ಗೆದ್ದದ್ದಕ್ಕ ನನಗ ಧೈರ್ಯ ಬಂತು. ಆ ಧೈರ್ಯ ಮುಂದ ನಾಲ್ಕು ಸಲ ನನ್ನ ಸೋಲಿಸ್ತು. ಅದಕ್ಕ ಕೆಂಪು ಶಾಯಿ’ ಎಂದರು.

ಒಂದನೆಯ ತಾರೀಖಿನಂದು ಹಾಲಿನವನ ಹಣ ಎತ್ತಿಟ್ಟಂತೆ ರೇಸಿನ ಹಣವನ್ನೂ ಎತ್ತಿಡುತ್ತಾರೆ. ಅದು ತೀರಿದರೆ ಆ ತಿಂಗಳು ತೀರಿತು. ಬ್ಯಾಂಕಿನ ಕಾರ್ಡು ಮನೆಯಲ್ಲಿಯೇ ಉಳಿಯುತ್ತದೆ. ರೈಲಿನ ಹಣ ಬೇರೆ ಜೇಬಿನಲ್ಲಿ. ಗುಟ್ಟು ಹೇಳಲು ಬಂದವರಿಗೆ ಚಹಾ ಕುಡಿಸಿ ಕಳುಹಿಸುತ್ತಾರೆ. ಸಾಲ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ‘ಕುದುರಿ ಓಡೂದು ಎರಡು ನಿಮಿಷ, ನಾವು ಸುಮ್ಮನ ಕುಂದರಬೇಕಾದ್ದು ಇಡೀ ದಿನ. ಕುಂದರಲಿಕ್ಕೆ ಬರಲಾರದವಗ ಆಡಲಿಕ್ಕೆ ಬರೂದಿಲ್ಲ’ ಎಂಬುದು ಅವರ ಸಿದ್ಧಾಂತ.

ಇಷ್ಟೆಲ್ಲ ಶಿಸ್ತಿನಿಂದ ಕಾಕಾ ಅವರು ಧನಿಕರಾದರೆ? ಇಲ್ಲ. ನಾವು ನೇರವಾಗಿಯೇ ಕೇಳಿದೆವು. ‘ಸೋತಿಲ್ಲ ಅಂತ ಹೇಳಲಾರೆ. ಎಷ್ಟು ಸೋತೀನಿ ಅಂತ ಪೈಸಾದ ತನಕ ಹೇಳಬಲ್ಲೆ’ ಎಂದು ನಕ್ಕರು. ತೆರಿಗೆ ಏರಿದ ಮೇಲೆ ‘ಆಡಲಿಲ್ಲ’ ಎಂಬ ಷರಾ ಇನ್ನೂ ಹೆಚ್ಚಾಗಿದೆಯಂತೆ. ಈಗ ಅವರು ಹೋಗುವುದು ಹೆಚ್ಚಾಗಿ ಕುದುರೆಗಳನ್ನು ನೋಡುವುದಕ್ಕೆ. ಆ ಪುಸ್ತಕವನ್ನು ಕಾಕು ಅವರ ಅಡಿಗೆಮನೆಯ ಲೆಕ್ಕದ ಪುಸ್ತಕದ ಪಕ್ಕದಲ್ಲಿಯೇ ಇಡುತ್ತಾರೆ. ತಿಂಗಳಿಗೊಮ್ಮೆ ಕಾಕು ಅದನ್ನು ಓದಿ ಕೂಡಿಸಿ ನೋಡುತ್ತಾರೆ. ‘ಇವರ ಚಟ ನನಗ ಸೇರೂದಿಲ್ಲ ಖರೆ. ಆದ್ರ ಲೆಕ್ಕಕ್ಕ ಸಿಗೂ ಚಟಕ್ಕ ನಾ ಹೆದರೂದಿಲ್ಲ’ ಎಂದು ಅವರು ಹೇಳಿದ್ದು ನಮ್ಮ ಮನಸ್ಸಿನಲ್ಲಿ ನಿಂತಿದೆ.

ಬೆಂಟರ್‌ನ ಕಂಪ್ಯೂಟರಿಗೂ ಕಾಕಾ ಅವರ ಉದ್ದನೆಯ ಪುಸ್ತಕಕ್ಕೂ ಬಹಳ ಅಂತರವಿದೆಯೆಂಬುದು ನಿಜ. ಒಬ್ಬನಿಗೆ ಕೋಟಿಗಳು ಬಂದುವು. ಇನ್ನೊಬ್ಬರಿಗೆ ಬಂದದ್ದು ರಾತ್ರಿಯ ನಿದ್ರೆ. ಆದರೆ ಇಬ್ಬರ ನಡೆಯೂ ಒಂದೇ ಜಾತಿಯದು. ಕಟ್ಟುವುದಕ್ಕೆ ಮುಂಚೆ ಎಣಿಸುವುದು, ಎಣಿಸಿದ್ದನ್ನು ಬರೆದಿಡುವುದು, ಬರೆದದ್ದಕ್ಕೆ ತಲೆಬಾಗುವುದು, ಅನುಕೂಲವಿಲ್ಲದಾಗ ಕೈ ಕಟ್ಟಿ ಕುಳಿತುಕೊಳ್ಳುವುದು. ಈ ಗುಣಗಳಿದ್ದರೆ ಎಲ್ಲರೂ ರೇಸಿನಲ್ಲಿ ಗೆಲ್ಲುತ್ತಾರೆಂದು ನಾವು ಹೇಳುವುದಿಲ್ಲ. ಮೇಲಿನ 62ರ ಲೆಕ್ಕವನ್ನು ಕಂಡವರು ಹಾಗೆ ಹೇಳುವಂತೆಯೂ ಇಲ್ಲ. ಈ ಗುಣಗಳಿದ್ದವನು ಬಹುಮಟ್ಟಿಗೆ ಆಡದೆಯೇ ಉಳಿಯುತ್ತಾನೆ. ಆಡಿದರೂ ಸಿನಿಮಾ ಟಿಕೆಟ್ಟಿಗೆ ಕೊಟ್ಟಂತೆ ಕೊಟ್ಟು, ನೋಡಿ, ಮನೆಗೆ ಬರುತ್ತಾನೆ.

ಹಿಂದೆ ಇನ್ನೊಂದು ರಕ್ಷಣೆಯಿತ್ತು. ಊರಿನ ರೇಸು ವಾರದಲ್ಲಿ ಒಂದೆರಡು ದಿನ; ಉಳಿದ ದಿನಗಳಲ್ಲಿ ಮನಸ್ಸು ತಣಿಯುತ್ತಿತ್ತು, ಹೆಂಡತಿಯ ಮಾತು ಕಿವಿಗೆ ಬೀಳುತ್ತಿತ್ತು. ಈಗ ಬೆಂಗಳೂರು, ಮೈಸೂರು, ಮುಂಬಯಿ, ಪುಣೆಯ ಓಟಗಳಿಗೂ ಇಲ್ಲಿಂದಲೇ ಕಟ್ಟಬಹುದು. ಇನ್ನು ಕೈಯಲ್ಲಿರುವ ಫೋನು ಆ ಬಿಡುವನ್ನು ಪೂರ್ತಿಯಾಗಿ ನುಂಗಿಬಿಟ್ಟಿದೆ. ತೆಲಂಗಾಣ ಸರಕಾರ 2017ರಲ್ಲಿಯೇ ಆನ್‌ಲೈನ್ ಜೂಜನ್ನು ನಿಷೇಧಿಸಿತು. 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ನಿಷೇಧದ ಶಾಸನ ಮಾಡಿತು. ಶಾಸನವಿದ್ದರೂ ಕಳ್ಳದಾರಿಯ ಆಹ್ವಾನಗಳು ನಮ್ಮ ಹುಡುಗರ ಫೋನಿಗೆ ಬರುತ್ತಲೇ ಇವೆ. ಮಲಕ್‌ಪೇಟೆಗೆ ಹೋಗುವವನು ಷರಟು ಬದಲಿಸಿ, ರೈಲು ಹತ್ತಿ, ನಾಲ್ಕು ಜನರ ಕಣ್ಣಿಗೆ ಬಿದ್ದು ಹೋಗಬೇಕು. ಫೋನಿನಲ್ಲಿ ಆಡುವ ಹುಡುಗ ಅಮ್ಮನ ಪಕ್ಕದಲ್ಲಿಯೇ ಊಟಕ್ಕೆ ಕುಳಿತು ಸೋಲುತ್ತಿರಬಹುದು.

ಪರಊರಿನಲ್ಲಿರುವ ನಮ್ಮಂಥವರಿಗೆ ಇದರಲ್ಲಿ ವಿಶೇಷವಾದ ಅಪಾಯವೂ ಉಂಟು. ಊರಿನಲ್ಲಾದರೆ ಅಣ್ಣತಮ್ಮಂದಿರು, ಹೊಲಮನೆ, ಎಚ್ಚರಿ ಹೇಳುವ ಹಿರಿಯರು ಇರುತ್ತಾರೆ. ಇಲ್ಲಿ ತಿಂಗಳ ಸಂಬಳವೇ ಹೊಲ, ನೆರೆಯ ನಾಲ್ಕು ಕನ್ನಡ ಮನೆಗಳೇ ಬಳಗ. ಊರಿಗೆ ಕಳುಹಿಸುವ ಪತ್ರದಲ್ಲಿ, ಫೋನಿನಲ್ಲಿ, ‘ಎಲ್ಲ ಚೆನ್ನಾಗಿದೆ’ ಎಂದೇ ಹೇಳಬೇಕಾದ ಹಂಗು ಬೇರೆ. ಜಾಮೀನು ಹಾಕಿದವನೂ ನಮ್ಮವನೇ ಆದ್ದರಿಂದ ಒಂದು ಮನೆ ಜಾರಿದರೆ ಎರಡು ಮನೆ ಜಾರುತ್ತವೆ.

ನಮ್ಮ ವಾಚಕರಲ್ಲಿ ರೇಸಿಗೆ ಹೋಗುವ ಮಹನೀಯರು ಇದ್ದರೆ ಅವರಿಗೆ ಹೋಗಬೇಡಿ ಎಂದು ಬೋಧಿಸುವ ಅಧಿಕಾರ ನಮಗಿಲ್ಲ. ಬೋಧಿಸಿದರೆ ಕೇಳುವವರೂ ಇಲ್ಲ. ಒಂದೇ ಒಂದು ಮಾತನ್ನು ಕೇಳಿಕೊಳ್ಳುತ್ತೇವೆ. ಹದಿನೈದು ಇಪ್ಪತ್ತು ರೂಪಾಯಿಗೆ ಸಿಗುವ ಒಂದು ನೋಟುಪುಸ್ತಕ ಕೊಂಡುಕೊಳ್ಳಿ. ಕಟ್ಟುವುದಕ್ಕೆ ಮುಂಚೆ ಬರೆಯಿರಿ, ಸೋತದ್ದನ್ನು ಸೋತ ದಿನವೇ ಬರೆಯಿರಿ. ಆರು ತಿಂಗಳು ನಡೆಸಿ. ಅನಂತರ ಆ ಪುಸ್ತಕವನ್ನು ಮನೆಯಾಕೆಯ ಕೈಗೆ ಕೊಟ್ಟು ಕೂಡಿಸಿ ಎನ್ನಿ. ಹಾಗೆ ಕೊಡಲು ಕೈ ಬರುವುದಾದರೆ ನಿಮ್ಮ ಹವ್ಯಾಸಕ್ಕೆ ಹೆದರಬೇಕಾಗಿಲ್ಲ. ಕೊಡಲು ಕೈ ಬಾರದಿದ್ದರೆ, ಅದೇ ದಿನ ಮಲಕ್‌ಪೇಟೆಯ ದಾರಿಯನ್ನು ಬಿಡುವುದು ಕ್ಷೇಮ.